ಸರ್ವರ್ ಕ್ಲಸ್ಟರ್‌ಗಳಲ್ಲಿ ಸೇವೆಗಳ ನಿರ್ವಹಣೆ: ಪಾಂಡವಪುರ ಉಪವಿಭಾಗದ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಮಂಡ್ಯ ಜಿಲ್ಲೆಯ ಪಾಂಡವಪುರ ಕಂದಾಯ ಉಪವಿಭಾಗವು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿದೆ. ಈ ತಾಲ್ಲೂಕುಗಳಲ್ಲಿ ಪಹಣಿ, ಖಾತೆ ಬದಲಾವಣೆ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗೆ ಸಲ್ಲಿಸುವ ಅರ್ಜಿಗಳನ್ನು ಗಣಕಯಂತ್ರದ ಮೂಲಕ ಸ್ವೀಕರಿಸಿ ವಿಲೇವಾರಿ ಮಾಡಲಾಗುತ್ತದೆ. ಕೆಲವು ವೇಳೆ ಸೇವಾ ಕೇಂದ್ರದ ಗವಾಕ್ಷಿಯಲ್ಲಿ "ಸರ್ವರ್ ಇಲ್ಲ" ಎಂಬ ಉತ್ತರ ದೊರೆಯುವುದುಂಟು. ಈ ಎರಡು ಪದಗಳ ಹಿಂದೆ ಅನೇಕ ಬಗೆಯ ಕಾರಣಗಳು ಇರಬಹುದಾಗಿದ್ದು, ಕಾರಣಕ್ಕೆ ಅನುಗುಣವಾಗಿ ಅರ್ಜಿದಾರರು ಕೈಗೊಳ್ಳಬೇಕಾದ ಕ್ರಮವೂ ಬೇರೆಯಾಗುತ್ತದೆ.

ಒಂದು ಸರ್ವರ್ ಕೆಟ್ಟಾಗಲೂ ಸೇವೆ ನಿಲ್ಲದಂತೆ ನೋಡಿಕೊಳ್ಳುವ ಸರ್ವರ್ ಕ್ಲಸ್ಟರ್ ವ್ಯವಸ್ಥೆಯು ಹೇಗೆ ಕಾರ್ಯನಿರ್ವಹಿಸುತ್ತದೆ, ಅದು ಅರ್ಜಿದಾರರ ದಾಖಲೆಗೆ ಯಾವ ರಕ್ಷಣೆ ನೀಡುತ್ತದೆ, ಯಾವ ರಕ್ಷಣೆ ನೀಡಲಾರದು ಹಾಗೂ ಸೇವೆಗೆ ಅಡಚಣೆ ಉಂಟಾದಾಗ ಅರ್ಜಿದಾರರು ಏನು ಮಾಡತಕ್ಕದ್ದು ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಹಿನ್ನೆಲೆ

ಕೈಬರಹದ ಪಹಣಿಗಳಿದ್ದ ಕಾಲದಲ್ಲಿ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ತಮ್ಮ ತಮ್ಮ ವೃತ್ತದ ದಾಖಲೆಗಳನ್ನು ನಿರ್ವಹಿಸುತ್ತಿದ್ದರು. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ತಾಂತ್ರಿಕ ನೆರವಿನಿಂದ ಜಾರಿಗೊಳಿಸಿದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಗಣಕೀಕರಿಸಲಾಯಿತು. 2000ರ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ಗಣಕೀಕೃತ ಪಹಣಿಯನ್ನು ನೀಡಲಾಗುತ್ತಿತ್ತು.

ಆ ಮೊದಲ ಹಂತದಲ್ಲಿ ಪ್ರತಿ ತಾಲ್ಲೂಕಿನ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯಲ್ಲಿದ್ದ ಸರ್ವರ್‌ನಲ್ಲಿಯೇ ಇರುತ್ತಿತ್ತು. ನಾಗಮಂಗಲದ ಸರ್ವರ್ ಕೆಟ್ಟರೆ ನಾಗಮಂಗಲದ ಕೆಲಸ ಮಾತ್ರ ನಿಲ್ಲುತ್ತಿತ್ತು. ಪಾಂಡವಪುರದ ಕೆಲಸಕ್ಕೆ ತೊಂದರೆಯಾಗುತ್ತಿರಲಿಲ್ಲ. ತರುವಾಯ ದತ್ತಾಂಶವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಲಾಯಿತು. ಇದರಿಂದ ಯಾವುದೇ ತಾಲ್ಲೂಕಿನ ಪಹಣಿಯನ್ನು ಬೇರೊಂದು ಊರಿನಲ್ಲಿಯೂ ಪಡೆಯಲು ಸಾಧ್ಯವಾಯಿತು. ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ, ಅಂದರೆ 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರ ಎಂದು ಕರೆಯಲಾಗುತ್ತಿರುವ ಕೇಂದ್ರಗಳಲ್ಲಿ, ಪ್ರಮಾಣ ಪತ್ರಗಳ ಅರ್ಜಿಗಳನ್ನು ಸ್ವೀಕರಿಸುವ ವ್ಯವಸ್ಥೆಯೂ ಬೆಳೆಯಿತು. ಕಿಕ್ಕೇರಿ, ಬೂಕನಕೆರೆ, ಮೇಲುಕೋಟೆ, ಚಿನಕುರಳಿ, ಅರಕೆರೆ, ಬೆಳಗೊಳ, ಬೆಳ್ಳೂರು, ಬಿಂಡಿಗನವಿಲೆ ಮುಂತಾದ ಹೋಬಳಿಗಳ ಜನರು ಪ್ರತಿಯೊಂದು ಅರ್ಜಿಗೂ ತಾಲ್ಲೂಕು ಕೇಂದ್ರಕ್ಕೆ ಬರುವ ಅಗತ್ಯ ಇದರಿಂದ ಕಡಿಮೆಯಾಯಿತು.

ಅನುಕೂಲದೊಂದಿಗೆ ಹೊಣೆಯೂ ಹೆಚ್ಚಿತು. ದಾಖಲೆಗಳು ಒಂದೆಡೆ ಇದ್ದಾಗ ಅಲ್ಲಿಯ ದೋಷವು ಒಂದು ತಾಲ್ಲೂಕಿಗೆ ಸೀಮಿತವಾಗದೆ ರಾಜ್ಯದ ಎಲ್ಲ ತಾಲ್ಲೂಕುಗಳ ಗವಾಕ್ಷಿಗಳನ್ನೂ ಏಕಕಾಲಕ್ಕೆ ತಟ್ಟಬಲ್ಲದು. ಕೇಂದ್ರೀಕೃತ ಸೇವೆಗಳಿಗೆ ಸರ್ವರ್ ಕ್ಲಸ್ಟರ್ ಅವಶ್ಯವಾಗುವುದು ಈ ಕಾರಣದಿಂದ.

3. ಕ್ಲಸ್ಟರ್ ಎಂದರೇನು

ಒಂದೇ ಸೇವೆಯನ್ನು ನಡೆಸಲು ಸಮರ್ಥವಾದ ಎರಡು ಅಥವಾ ಹೆಚ್ಚಿನ ಸರ್ವರ್‌ಗಳನ್ನು ಪರಸ್ಪರ ಜೋಡಿಸಿ, ಹೊರಗಿನವರಿಗೆ ಒಂದೇ ಸರ್ವರ್ ಎಂಬಂತೆ ಕಾಣುವ ಹಾಗೆ ನಡೆಸುವ ಸಮೂಹಕ್ಕೆ ಕ್ಲಸ್ಟರ್ ಎಂದು ಹೆಸರು. ಸಮೂಹದಲ್ಲಿರುವ ಪ್ರತಿಯೊಂದು ಸರ್ವರ್ ಅನ್ನು ನೋಡ್ ಎಂದು ಕರೆಯಲಾಗುತ್ತದೆ. ಇಂತಹ ಸಮೂಹಗಳು 1980ರ ದಶಕದಿಂದಲೇ ವಾಣಿಜ್ಯ ಬಳಕೆಯಲ್ಲಿವೆ. ಲಿನಕ್ಸ್ ಆಧಾರಿತ ಸರ್ವರ್‌ಗಳಲ್ಲಿ ಪೇಸ್‌ಮೇಕರ್ ಮತ್ತು ಕೊರೊಸಿಂಕ್, ವಿಂಡೋಸ್ ಸರ್ವರ್‌ಗಳಲ್ಲಿ ಫೇಲ್‌ಓವರ್ ಕ್ಲಸ್ಟರಿಂಗ್ ಎಂಬ ತಂತ್ರಾಂಶಗಳು ಈ ಕಾರ್ಯಕ್ಕಾಗಿ ಬಳಕೆಯಲ್ಲಿವೆ.

ಇದನ್ನು ಕಚೇರಿಯ ಪ್ರಭಾರ ವ್ಯವಸ್ಥೆಗೆ ಹೋಲಿಸಬಹುದು. ಅಧಿಕಾರಿಯೊಬ್ಬರು ರಜೆಯ ಮೇಲೆ ತೆರಳಿದಾಗ ಮತ್ತೊಬ್ಬ ಅಧಿಕಾರಿ ಪ್ರಭಾರ ವಹಿಸಿಕೊಳ್ಳುತ್ತಾರೆ. ಕಚೇರಿಯ ವಿಳಾಸ, ಮೊಹರು, ವಹಿಗಳು ಅವೇ ಆಗಿದ್ದು, ಅರ್ಜಿಗೆ ಸಹಿ ಮಾಡುವ ವ್ಯಕ್ತಿ ಮಾತ್ರ ಬದಲಾಗುತ್ತಾರೆ. ಕ್ಲಸ್ಟರ್‌ನಲ್ಲಿ ವಿಳಾಸದ ಸ್ಥಾನದಲ್ಲಿ ವರ್ಚುವಲ್ ಐಪಿ ವಿಳಾಸವೂ, ವಹಿಗಳ ಸ್ಥಾನದಲ್ಲಿ ಎಲ್ಲ ನೋಡ್‌ಗಳಿಗೂ ದೊರಕುವ ಸಾಮಾನ್ಯ ಸಂಗ್ರಹಣೆ ಅಥವಾ ಕ್ಷಣಕ್ಷಣಕ್ಕೂ ನಕಲಾಗುವ ಡೇಟಾಬೇಸ್ ಪ್ರತಿಯೂ ಇರುತ್ತವೆ. ಹೋಬಳಿ ಕೇಂದ್ರದ ಗಣಕಯಂತ್ರವು ವರ್ಚುವಲ್ ವಿಳಾಸವನ್ನು ಮಾತ್ರ ಬಲ್ಲದು. ಆ ಕ್ಷಣದಲ್ಲಿ ಯಾವ ನೋಡ್ ಉತ್ತರಿಸುತ್ತಿದೆ ಎಂಬುದನ್ನು ಅದು ತಿಳಿಯಬೇಕಾದ ಅಗತ್ಯವಿಲ್ಲ.

4. ಸೇವೆಯು ಒಂದು ನೋಡ್‌ನಿಂದ ಮತ್ತೊಂದಕ್ಕೆ ವರ್ಗಾವಣೆಯಾಗುವ ಕ್ರಮ

ಸೇವೆ ನಡೆಸುತ್ತಿರುವ ನೋಡ್ ಕೆಟ್ಟಾಗ ಈ ಕೆಳಕಂಡ ಹಂತಗಳು ಸಾಮಾನ್ಯವಾಗಿ ತಾವಾಗಿಯೇ ನಡೆಯುತ್ತವೆ.

ಅ) ನಿಗಾ: ನೋಡ್‌ಗಳು ನಿಗದಿತ ಅಂತರದಲ್ಲಿ ಒಂದಕ್ಕೊಂದು ಚಿಕ್ಕ ಸಂದೇಶವನ್ನು ಕಳುಹಿಸುತ್ತಿರುತ್ತವೆ. ಇದನ್ನು ಹಾರ್ಟ್‌ಬೀಟ್ ಎನ್ನುತ್ತಾರೆ. ಇದರೊಂದಿಗೆ ಡೇಟಾಬೇಸ್, ವೆಬ್ ಸೇವೆ ಮೊದಲಾದವು ನಿಜವಾಗಿಯೂ ಉತ್ತರಿಸುತ್ತಿವೆಯೇ ಎಂಬುದನ್ನೂ ಪ್ರತ್ಯೇಕವಾಗಿ ಪರಿಶೀಲಿಸಲಾಗುತ್ತದೆ. ಯಂತ್ರ ಚಾಲೂ ಇದ್ದು ಸೇವೆ ಮಾತ್ರ ಸ್ಥಗಿತಗೊಂಡಿರುವ ಸಾಧ್ಯತೆಯೂ ಇರುವುದರಿಂದ ಈ ಎರಡನೆಯ ಪರಿಶೀಲನೆ ಅವಶ್ಯಕ.

ಆ) ನಿರ್ಣಯ: ಒಂದು ಸಂದೇಶ ತಪ್ಪಿದ ಮಾತ್ರಕ್ಕೆ ನೋಡ್ ಕೆಟ್ಟಿದೆ ಎಂದು ತೀರ್ಮಾನಿಸುವುದಿಲ್ಲ. ನಿಗದಿತ ಕಾಲದವರೆಗೆ ಸಂದೇಶ ಬಾರದಿದ್ದಲ್ಲಿ ಮಾತ್ರ ಉಳಿದ ನೋಡ್‌ಗಳು ಮುಂದಿನ ಕ್ರಮಕ್ಕೆ ತೊಡಗುತ್ತವೆ.

ಇ) ಪ್ರತ್ಯೇಕಿಸುವಿಕೆ: ಉತ್ತರಿಸದ ನೋಡ್‌ನ ವಿದ್ಯುತ್ ಸಂಪರ್ಕವನ್ನು ಅಥವಾ ಸಂಗ್ರಹಣೆಯ ಸಂಪರ್ಕವನ್ನು ದೂರದಿಂದಲೇ ಕಡಿತಗೊಳಿಸಲಾಗುತ್ತದೆ. ಇದಕ್ಕೆ ಫೆನ್ಸಿಂಗ್ ಎಂದು ಹೆಸರು.

ಈ) ಪುನರಾರಂಭ: ಮತ್ತೊಂದು ನೋಡ್ ಸಂಗ್ರಹಣೆಯನ್ನು ತನ್ನ ವಶಕ್ಕೆ ಪಡೆದು, ಅರ್ಧಕ್ಕೆ ನಿಂತ ನಮೂದುಗಳನ್ನು ಸರಿಪಡಿಸಿ, ಡೇಟಾಬೇಸ್ ಅನ್ನು ಆರಂಭಿಸಿ, ವರ್ಚುವಲ್ ವಿಳಾಸಕ್ಕೆ ಉತ್ತರಿಸಲು ಪ್ರಾರಂಭಿಸುತ್ತದೆ.

ಈ ಇಡೀ ಪ್ರಕ್ರಿಯೆಗೆ ಫೇಲ್‌ಓವರ್ ಎನ್ನುತ್ತಾರೆ. ಡೇಟಾಬೇಸ್‌ನ ಗಾತ್ರ ಹಾಗೂ ಅಪೂರ್ಣ ನಮೂದುಗಳ ಸಂಖ್ಯೆಗೆ ಅನುಗುಣವಾಗಿ ಇದಕ್ಕೆ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಗವಾಕ್ಷಿಯ ಪರದೆ ಸ್ತಬ್ಧವಾದಂತೆ ಕಾಣಬಹುದು ಅಥವಾ ನಿರ್ವಾಹಕರು ಮತ್ತೆ ಲಾಗಿನ್ ಆಗಬೇಕಾಗಬಹುದು. ಆದಕಾರಣ ಪರದೆ ನಿಂತ ಕೂಡಲೇ ಸರತಿಯನ್ನು ಬಿಟ್ಟು ಹೋಗುವ ಅಗತ್ಯವಿರುವುದಿಲ್ಲ.

5. ಒಂದೇ ಸೇವೆ ಏಕಕಾಲಕ್ಕೆ ಎರಡು ಕಡೆ ನಡೆಯಬಾರದೇಕೆ

ಕ್ಲಸ್ಟರ್ ನಿರ್ವಹಣೆಯಲ್ಲಿ ಸೇವೆಯನ್ನು ಆರಂಭಿಸುವುದಕ್ಕಿಂತಲೂ ಹೆಚ್ಚಿನ ಎಚ್ಚರಿಕೆ ಬೇಕಾಗುವುದು ಹಳೆಯ ನೋಡ್‌ನಲ್ಲಿ ಸೇವೆ ನಿಂತಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವಲ್ಲಿ. ಹಾರ್ಟ್‌ಬೀಟ್ ಬಾರದಿರುವುದಕ್ಕೆ ನೋಡ್ ಕೆಟ್ಟಿರುವುದೇ ಕಾರಣವಾಗಬೇಕಿಲ್ಲ. ನೋಡ್‌ಗಳ ನಡುವಿನ ತಂತಿ ಮಾತ್ರ ಕಡಿತಗೊಂಡಿರಬಹುದು. ಆಗ ಎರಡೂ ನೋಡ್‌ಗಳು ಪರಸ್ಪರ "ಆ ಕಡೆಯದು ಕೆಟ್ಟಿದೆ" ಎಂದು ಭಾವಿಸಿ ಅದೇ ದಾಖಲೆಗೆ ಬರೆಯಲು ಮುಂದಾದರೆ ದಾಖಲೆ ಇಬ್ಭಾಗವಾಗುತ್ತದೆ. ತಾಂತ್ರಿಕವಾಗಿ ಇದನ್ನು ಸ್ಪ್ಲಿಟ್ ಬ್ರೈನ್ ಎಂದು ಕರೆಯುತ್ತಾರೆ.

ಭೂ ದಾಖಲೆಗಳ ವಿಷಯದಲ್ಲಿ ಇದರ ಪರಿಣಾಮ ಗಂಭೀರವಾದುದು. ಉದಾಹರಣೆಗೆ, ಒಂದೇ ಸರ್ವೆ ನಂಬರಿಗೆ ಇಬ್ಬರು ಪ್ರತ್ಯೇಕ ವಹಿಗಳನ್ನು ತೆರೆದು, ಒಂದರಲ್ಲಿ ಪೌತಿ ಖಾತೆಯ ಅರ್ಜಿಯನ್ನೂ ಮತ್ತೊಂದರಲ್ಲಿ ಕ್ರಯಪತ್ರದ ಆಧಾರದ ಖಾತೆ ಬದಲಾವಣೆಯನ್ನೂ ನಮೂದಿಸಿದರೆಂದು ಭಾವಿಸೋಣ. ಎರಡೂ ವಹಿಗಳಲ್ಲಿ ಮೊದಲ ಕ್ರಮಾಂಕವೇ ಬಿದ್ದಿರುತ್ತದೆ. ಯಾವುದು ಮೊದಲು ಬಂದದ್ದು ಎಂದು ತರುವಾಯ ಹೇಳುವುದು ಕಷ್ಟ. ಭೂಮಿ ತಂತ್ರಾಂಶದಲ್ಲಿ ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡುವ ಹಾಗೂ ನಮೂದಿಸಿದ ನೌಕರರನ್ನು ಬೆರಳಚ್ಚಿನಿಂದ ಗುರುತಿಸುವ ಏರ್ಪಾಡನ್ನು ಮಾಡಿದ್ದು, ಸರದಿಯನ್ನು ಮೀರಿ ಯಾರೂ ಮುಂದೆ ಹೋಗಬಾರದೆಂಬ ಉದ್ದೇಶದಿಂದ. ದಾಖಲೆ ಇಬ್ಭಾಗವಾದರೆ ಈ ಏರ್ಪಾಡೇ ನಿರರ್ಥಕವಾಗುತ್ತದೆ.

ಇದನ್ನು ತಡೆಯಲು ಎರಡು ಕ್ರಮಗಳಿವೆ. ಮೊದಲನೆಯದು ಮೇಲೆ ತಿಳಿಸಿದ ಫೆನ್ಸಿಂಗ್. ಪ್ರಭಾರ ವಹಿಸಿಕೊಳ್ಳುವವರು ಮೊದಲು ಹಿಂದಿನವರಿಂದ ಮೊಹರನ್ನು ಪಡೆದುಕೊಳ್ಳುವಂತೆ, ಹೊಸ ನೋಡ್ ಹಳೆಯ ನೋಡ್‌ನ ಬರೆಯುವ ಶಕ್ತಿಯನ್ನು ಮೊದಲು ಕಸಿದುಕೊಳ್ಳುತ್ತದೆ. ಎರಡನೆಯದು ಕೋರಂ. ಗ್ರಾಮ ಪಂಚಾಯಿತಿ ಸಭೆಯಲ್ಲಿ ಕೋರಂ ಇಲ್ಲದೆ ನಿರ್ಣಯ ಅಂಗೀಕರಿಸಲು ಬಾರದಂತೆ, ಕ್ಲಸ್ಟರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳಿರುವ ಗುಂಪು ಮಾತ್ರ ಸೇವೆ ನಡೆಸಬಹುದು. ಮೂರು ನೋಡ್‌ಗಳಿದ್ದಲ್ಲಿ ಎರಡು, ಐದಿದ್ದಲ್ಲಿ ಮೂರು ಮತಗಳು ಅವಶ್ಯಕ. ಎರಡೇ ನೋಡ್‌ಗಳಿದ್ದಲ್ಲಿ ಬಹುಮತ ಸಾಧ್ಯವಾಗದ ಕಾರಣ ನಿರ್ಣಾಯಕ ಮತಕ್ಕಾಗಿ ಮೂರನೆಯ ಸಾಕ್ಷಿಯೊಂದನ್ನು ಇರಿಸಲಾಗುತ್ತದೆ.

ಬಹುಮತವಿಲ್ಲದ ಗುಂಪು ಸೇವೆಯನ್ನು ನಿಲ್ಲಿಸುತ್ತದೆ. ಅಂದರೆ ಕೆಲವು ಸಂದರ್ಭಗಳಲ್ಲಿ ಸೇವೆ ನಿಂತಿರುವುದು ವ್ಯವಸ್ಥೆ ಕೆಟ್ಟ ಲಕ್ಷಣವಾಗಿರದೆ, ದಾಖಲೆಯನ್ನು ಕೆಡಿಸದಿರಲು ವ್ಯವಸ್ಥೆಯೇ ಕೈಗೊಂಡ ಕ್ರಮವಾಗಿರುತ್ತದೆ. ಒಂದು ದಿನದ ವಿಳಂಬವನ್ನು ಮರುದಿನ ಸರಿಪಡಿಸಬಹುದು; ತಪ್ಪಾಗಿ ನಮೂದಾದ ಹಕ್ಕನ್ನು ಸರಿಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಾಲಯದಲ್ಲಿ ಮೇಲ್ಮನವಿ ಹೂಡಬೇಕಾಗಬಹುದು.

6. ಸೇವೆಗಳ ಪರಸ್ಪರ ಅವಲಂಬನೆ

ಸೇವೆಗಳನ್ನು ನೋಡ್‌ಗಳ ಮೇಲೆ ಹಂಚುವಾಗ ಮೂರು ಬಗೆಯ ನಿಯಮಗಳನ್ನು ನಿಗದಿಪಡಿಸಲಾಗುತ್ತದೆ. ಯಾವ ಸೇವೆ ಯಾವ ನೋಡ್‌ನಲ್ಲಿ ನಡೆಯತಕ್ಕದ್ದು ಎಂಬುದು ಮೊದಲನೆಯದು. ಯಾವ ಸೇವೆಗಳು ಒಟ್ಟಿಗೆ ಇರತಕ್ಕದ್ದು, ಯಾವುವು ಒಟ್ಟಿಗೆ ಇರಬಾರದು ಎಂಬುದು ಎರಡನೆಯದು. ಯಾವುದರ ನಂತರ ಯಾವುದು ಆರಂಭವಾಗತಕ್ಕದ್ದು ಎಂಬುದು ಮೂರನೆಯದು. ಸಂಗ್ರಹಣೆ ಸಿದ್ಧವಾಗದೆ ಡೇಟಾಬೇಸ್ ಆರಂಭವಾಗುವಂತಿಲ್ಲ. ಡೇಟಾಬೇಸ್ ಆರಂಭವಾಗದೆ ಅರ್ಜಿ ಸ್ವೀಕರಿಸುವ ತಂತ್ರಾಂಶ ತೆರೆಯುವಂತಿಲ್ಲ. ನಿಲ್ಲಿಸುವಾಗ ಈ ಕ್ರಮವು ತಿರುಗುಮುರುಗಾಗುತ್ತದೆ.

ಅವಲಂಬನೆಯು ಒಂದು ಇಲಾಖೆಯಿಂದ ಮತ್ತೊಂದಕ್ಕೂ ಇರುತ್ತದೆ. ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಾವೇರಿ ತಂತ್ರಾಂಶದ ಮೂಲಕ ಕ್ರಯಪತ್ರ ನೋಂದಣಿಯಾದ ನಂತರ ಅದರ ವಿವರಗಳು ಖಾತೆ ಬದಲಾವಣೆಗಾಗಿ ಭೂಮಿಗೆ ರವಾನೆಯಾಗುತ್ತವೆ. ಜಮೀನಿನ ಒಂದು ಭಾಗವನ್ನು ಮಾತ್ರ ಮಾರಾಟ ಮಾಡುವಾಗ ಮೋಜಿಣಿ ವ್ಯವಸ್ಥೆಯ ಮೂಲಕ ಪಡೆದ 11ಇ ನಕ್ಷೆಯೂ ಬೇಕಾಗುತ್ತದೆ. ಆದ್ದರಿಂದ ಭೂಮಿ ಸೇವೆ ಸುಸ್ಥಿತಿಯಲ್ಲಿದ್ದರೂ ಮತ್ತೊಂದು ಸೇವೆ ನಿಂತಿದ್ದಲ್ಲಿ ಅರ್ಜಿ ಮುಂದುವರಿಯದಿರಬಹುದು. "ಸರ್ವರ್ ಇಲ್ಲ" ಎಂಬ ಉತ್ತರ ದೊರೆತಾಗ ಯಾವ ಸೇವೆ ನಿಂತಿದೆ ಎಂದು ವಿಚಾರಿಸುವುದು ಅರ್ಜಿದಾರರಿಗೆ ಉಪಯುಕ್ತ.

7. ಪೂರ್ವನಿಗದಿತ ಸ್ಥಗಿತ

ತಂತ್ರಾಂಶದ ಪರಿಷ್ಕರಣೆ, ಯಂತ್ರಭಾಗಗಳ ಬದಲಾವಣೆ ಮುಂತಾದ ಕೆಲಸಗಳಿಗೆ ನೋಡ್ ಒಂದನ್ನು ಬಿಡುವಿಗೆ ಒಳಪಡಿಸಿ, ಅದರ ಸೇವೆಗಳನ್ನು ಮೊದಲೇ ಮತ್ತೊಂದಕ್ಕೆ ವರ್ಗಾಯಿಸಲಾಗುತ್ತದೆ. ಕೆಲಸ ಮುಗಿದ ಬಳಿಕ ಸೇವೆಯನ್ನು ಕೂಡಲೇ ಹಿಂದಿನ ನೋಡ್‌ಗೆ ತರುವುದು ಕಡ್ಡಾಯವಲ್ಲ. ಪ್ರತಿ ವರ್ಗಾವಣೆಯಲ್ಲಿಯೂ ಅಲ್ಪಕಾಲದ ಅಡಚಣೆ ಉಂಟಾಗುವುದರಿಂದ, ಜನಸಂದಣಿ ಇಲ್ಲದ ಸಮಯವನ್ನು ನೋಡಿ ಅದನ್ನು ಮಾಡುವುದು ಉತ್ತಮ ಪದ್ಧತಿ. ಶಾಲಾ ಕಾಲೇಜುಗಳ ಪ್ರವೇಶಾವಧಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಿಗೂ, ಮುಂಗಾರಿನ ಆರಂಭದಲ್ಲಿ ಬೆಳೆ ಸಾಲದ ಸಲುವಾಗಿ ಪಹಣಿಗೂ ಬೇಡಿಕೆ ಹೆಚ್ಚುತ್ತದೆ. ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದರಿಂದ ಇಂತಹ ಅಡಚಣೆಗಳ ತೊಂದರೆಯನ್ನು ಅರ್ಜಿದಾರರು ತಪ್ಪಿಸಿಕೊಳ್ಳಬಹುದು.

8. ಕ್ಲಸ್ಟರ್‌ನಿಂದ ಪರಿಹಾರವಾಗದ ತೊಂದರೆಗಳು

ಸೇವೆಯ ಲಭ್ಯತೆಯನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುವ ರೂಢಿಯಿದೆ. ವರ್ಷದ 8,760 ಗಂಟೆಗಳ ಲೆಕ್ಕದಂತೆ:

ಶೇ. 99 ಲಭ್ಯತೆ: ವರ್ಷಕ್ಕೆ ಸುಮಾರು 87 ಗಂಟೆ 36 ನಿಮಿಷಗಳ ಸ್ಥಗಿತ
ಶೇ. 99.9 ಲಭ್ಯತೆ: ವರ್ಷಕ್ಕೆ ಸುಮಾರು 8 ಗಂಟೆ 46 ನಿಮಿಷಗಳ ಸ್ಥಗಿತ
ಶೇ. 99.99 ಲಭ್ಯತೆ: ವರ್ಷಕ್ಕೆ ಸುಮಾರು 53 ನಿಮಿಷಗಳ ಸ್ಥಗಿತ

ತಲಾ ಶೇ. 99 ಲಭ್ಯತೆಯ ಎರಡು ನೋಡ್‌ಗಳಿದ್ದು, ಒಂದರ ದೋಷಕ್ಕೂ ಮತ್ತೊಂದರ ದೋಷಕ್ಕೂ ಸಂಬಂಧವಿಲ್ಲದಿದ್ದಲ್ಲಿ, ಎರಡೂ ಏಕಕಾಲಕ್ಕೆ ಕೆಡುವ ಸಾಧ್ಯತೆ ಶೇ. 0.01 ಮಾತ್ರ. ಕ್ಲಸ್ಟರ್‌ನ ಲಾಭ ಇರುವುದು ಇಲ್ಲಿ.

ಆದರೆ ಅರ್ಜಿಯು ಹೋಬಳಿ ಕೇಂದ್ರದ ವಿದ್ಯುತ್ ಮತ್ತು ಗಣಕಯಂತ್ರ, ಅಲ್ಲಿಂದ ಬೆಂಗಳೂರಿನವರೆಗಿನ ಸಂಪರ್ಕ ಜಾಲ, ದತ್ತಾಂಶ ಕೇಂದ್ರದ ಸರ್ವರ್ ಎಂಬ ಮೂರು ಕೊಂಡಿಗಳನ್ನು ದಾಟಬೇಕು. ಉದಾಹರಣೆಯ ಲೆಕ್ಕಕ್ಕಾಗಿ ಮೂರಕ್ಕೂ ತಲಾ ಶೇ. 99 ಲಭ್ಯತೆ ಇದೆಯೆಂದು ಇಟ್ಟುಕೊಂಡರೆ ಒಟ್ಟು ಲಭ್ಯತೆ ಸುಮಾರು ಶೇ. 97, ಅಂದರೆ ವರ್ಷಕ್ಕೆ ಸುಮಾರು 11 ದಿನಗಳ ಸ್ಥಗಿತ. ಸರ್ವರ್ ಕೊಂಡಿಯನ್ನು ಮಾತ್ರ ಕ್ಲಸ್ಟರ್ ಮೂಲಕ ಶೇ. 99.99ಕ್ಕೆ ಏರಿಸಿದಲ್ಲಿ ಒಟ್ಟು ಲಭ್ಯತೆ ಶೇ. 98 ಆಗುತ್ತದೆ, ಇನ್ನೂ ಸುಮಾರು 7 ದಿನಗಳ ಸ್ಥಗಿತ ಉಳಿಯುತ್ತದೆ. ಸರಪಳಿಯ ಬಲವು ಅದರ ದುರ್ಬಲ ಕೊಂಡಿಯನ್ನು ಅವಲಂಬಿಸಿದೆ. ರಸ್ತೆ ಅಗೆತದಲ್ಲಿ ಕೇಬಲ್ ತುಂಡಾದರೆ ಅಥವಾ ಹೋಬಳಿ ಕೇಂದ್ರದಲ್ಲಿ ವಿದ್ಯುತ್ ಹೋಗಿ ಯುಪಿಎಸ್ ಬ್ಯಾಟರಿ ಬರಿದಾದರೆ, ಬೆಂಗಳೂರಿನಲ್ಲಿ ಎಷ್ಟೇ ನೋಡ್‌ಗಳಿದ್ದರೂ ಗವಾಕ್ಷಿಯ ಕೆಲಸ ನಡೆಯದು.

ಎರಡನೆಯ ಮಿತಿಯೆಂದರೆ, ಕ್ಲಸ್ಟರ್ ಬ್ಯಾಕಪ್‌ಗೆ ಪರ್ಯಾಯವಲ್ಲ. ತಪ್ಪಾಗಿ ಅಳಿಸಿದ ನಮೂದು ಎಲ್ಲ ನೋಡ್‌ಗಳಲ್ಲಿಯೂ ಅಳಿಸಿಹೋಗುತ್ತದೆ. ಆದುದರಿಂದ ದಿನಾಂಕವಾರು ಬ್ಯಾಕಪ್ ಹಾಗೂ ಬೇರೊಂದು ಊರಿನಲ್ಲಿ ವಿಪತ್ತು ನಿರ್ವಹಣಾ ಪ್ರತಿಯನ್ನು ಪ್ರತ್ಯೇಕವಾಗಿ ಇರಿಸಬೇಕಾಗುತ್ತದೆ. ನೌಕರರು ತಪ್ಪು ಹೆಸರನ್ನು ನಮೂದಿಸಿದಲ್ಲಿ ಕ್ಲಸ್ಟರ್ ಅದನ್ನು ಅಷ್ಟೇ ಭದ್ರವಾಗಿ ಕಾಪಾಡುತ್ತದೆ ಎಂಬುದನ್ನೂ ಅರ್ಜಿದಾರರು ಗಮನಿಸತಕ್ಕದ್ದು.

9. ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಅ) ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯತಕ್ಕದ್ದು. ಸಕಾಲ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯನ್ನು ನೀಡಲಾಗುತ್ತದೆ. ಅರ್ಜಿಯ ಸರದಿ ಮತ್ತು ವಿಲೇವಾರಿಯ ಗಡುವಿಗೆ ಈ ಸಂಖ್ಯೆಯೇ ಆಧಾರ.

ಆ) ಸೇವೆ ನಿಂತಿರುವಾಗ ಅರ್ಜಿಯ ಕಾಗದಗಳನ್ನು ಸ್ವೀಕೃತಿ ಇಲ್ಲದೆ ಗವಾಕ್ಷಿಯಲ್ಲಿ ಬಿಟ್ಟು ಬರಬಾರದು. ಗಣಕದಲ್ಲಿ ದಾಖಲಾಗದ ಅರ್ಜಿಗೆ ಸರದಿಯೂ ಇಲ್ಲ, ಗಡುವೂ ಇಲ್ಲ.

ಇ) ವಿವರಗಳನ್ನು ನಮೂದಿಸುತ್ತಿರುವಾಗಲೇ ಸಂಪರ್ಕ ಕಡಿತಗೊಂಡಲ್ಲಿ, ಸಂಪರ್ಕ ಮರಳಿದ ನಂತರ ಆ ಅರ್ಜಿ ದಾಖಲಾಗಿದೆಯೇ ಎಂದು ಮೊದಲು ಪರಿಶೀಲಿಸುವಂತೆ ನಿರ್ವಾಹಕರನ್ನು ಕೋರತಕ್ಕದ್ದು. ಪರಿಶೀಲಿಸದೆ ಎರಡನೆಯ ಅರ್ಜಿ ಸಲ್ಲಿಸಿದರೆ ಒಂದೇ ಕೋರಿಕೆಗೆ ಎರಡು ಕ್ರಮಾಂಕಗಳಾಗಿ ವಿಳಂಬಕ್ಕೆ ಕಾರಣವಾಗಬಹುದು.

ಈ) ಶುಲ್ಕವನ್ನು ಆನ್‌ಲೈನ್ ಮೂಲಕ ಪಾವತಿಸುವಾಗ ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿ ರಸೀದಿ ಬಾರದಿದ್ದಲ್ಲಿ, ಕೂಡಲೇ ಮತ್ತೊಮ್ಮೆ ಪಾವತಿಸದೆ ವ್ಯವಹಾರ ಸಂಖ್ಯೆಯೊಂದಿಗೆ ಪಾವತಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು.

ಉ) ಪಹಣಿ, ಪ್ರಮಾಣ ಪತ್ರ ಅಥವಾ ಸ್ವೀಕೃತಿಯನ್ನು ಪಡೆದ ಸ್ಥಳದಲ್ಲಿಯೇ ಹೆಸರು, ತಂದೆಯ ಹೆಸರು, ಸರ್ವೆ ನಂಬರ್ ಮತ್ತು ವಿಸ್ತೀರ್ಣಗಳನ್ನು ಓದಿ ನೋಡತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವೀಕೃತಿ ಪಡೆದ ನಂತರ ಸರ್ವರ್ ಕೆಟ್ಟರೆ ಅರ್ಜಿ ಕಳೆದುಹೋಗುವುದೇ?
ಉತ್ತರ: ಡೇಟಾಬೇಸ್‌ನಲ್ಲಿ ನಮೂದು ಪೂರ್ಣವಾಗಿ ಸೇರಿದ ನಂತರವೇ ಸ್ವೀಕೃತಿ ಸಂಖ್ಯೆಯನ್ನು ನೀಡುವುದು ಇಂತಹ ತಂತ್ರಾಂಶಗಳ ಸಾಮಾನ್ಯ ಕ್ರಮ. ಪೂರ್ಣಗೊಂಡ ನಮೂದು ನೋಡ್ ಬದಲಾದರೂ ಉಳಿಯುತ್ತದೆ. ಅರ್ಧಕ್ಕೆ ನಿಂತ ನಮೂದು ರದ್ದಾಗುತ್ತದೆ. ಸ್ವೀಕೃತಿ ಪತ್ರಕ್ಕೆ ಇಷ್ಟು ಮಹತ್ವ ಇರುವುದು ಇದರಿಂದಲೇ.

ಪ್ರಶ್ನೆ: ಕಿಕ್ಕೇರಿಯಲ್ಲಿ ಸೇವೆ ನಿಂತಿದ್ದು, ಕೃಷ್ಣರಾಜಪೇಟೆಯಲ್ಲಿ ನಡೆಯುತ್ತಿದ್ದರೆ ಅದರ ಅರ್ಥವೇನು?
ಉತ್ತರ: ದೋಷವು ದತ್ತಾಂಶ ಕೇಂದ್ರದಲ್ಲಿರದೆ ಕಿಕ್ಕೇರಿಯ ವಿದ್ಯುತ್, ಯಂತ್ರ ಅಥವಾ ಸಂಪರ್ಕದಲ್ಲಿ ಇರುವ ಸಂಭವ ಹೆಚ್ಚು. ತುರ್ತು ಇದ್ದವರು ಸೇವೆ ಲಭ್ಯವಿರುವ ಕೇಂದ್ರವನ್ನು ವಿಚಾರಿಸಬಹುದು ಅಥವಾ ಆನ್‌ಲೈನ್ ಸೌಲಭ್ಯವಿರುವ ಸೇವೆಗಳಿಗೆ ಅದನ್ನು ಬಳಸಬಹುದು. ನಾಲ್ಕೂ ತಾಲ್ಲೂಕುಗಳಲ್ಲಿ ಏಕಕಾಲಕ್ಕೆ ನಿಂತಿದ್ದಲ್ಲಿ ಬೇರೆ ಕೇಂದ್ರಕ್ಕೆ ಪ್ರಯಾಣ ಬೆಳೆಸುವುದರಿಂದ ಪ್ರಯೋಜನವಾಗದಿರಬಹುದು.

ಪ್ರಶ್ನೆ: ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ ಏನು ಮಾಡಬೇಕು?
ಉತ್ತರ: 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳ ವಿಷಯದಲ್ಲಿ ಜಿಎಸ್‌ಸಿ ಸಂಖ್ಯೆಯೊಂದಿಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ.

ಪ್ರಶ್ನೆ: ಸರ್ವರ್ ನಿಂತಿದ್ದಾಗ ಯಾರಾದರೂ ಹೆಚ್ಚು ಹಣ ಪಡೆದು ಬೇಗ ಕೆಲಸ ಮಾಡಿಸಿಕೊಡಲು ಸಾಧ್ಯವೇ?
ಉತ್ತರ: ಸಾಧ್ಯವಿಲ್ಲ. ಸೇವೆ ನಿಂತಿರುವಾಗ ಅದು ಎಲ್ಲರಿಗೂ ಸಮಾನವಾಗಿ ನಿಂತಿರುತ್ತದೆ. ಇಂತಹ ಭರವಸೆ ನೀಡುವ ಮಧ್ಯವರ್ತಿಗಳಿಗೆ ಮೂಲ ದಾಖಲೆಗಳನ್ನಾಗಲಿ ಹಣವನ್ನಾಗಲಿ ನೀಡಬಾರದು.

ಯಂತ್ರಗಳು ಕೆಡುವುದು ಸಹಜ. ಕೆಟ್ಟ ಯಂತ್ರದಿಂದಾಗಿ ಅರ್ಜಿದಾರರ ಸರದಿ ತಪ್ಪದಿರುವುದು ಮತ್ತು ಹಕ್ಕಿನ ದಾಖಲೆ ಎರಡಾಗದಿರುವುದು ಕ್ಲಸ್ಟರ್ ವ್ಯವಸ್ಥೆಯ ಉದ್ದೇಶ. ಸ್ವೀಕೃತಿ ಪತ್ರವನ್ನು ಕಡ್ಡಾಯವಾಗಿ ಪಡೆದು, ಅರ್ಜಿ ವಿಲೇವಾರಿಯಾಗುವವರೆಗೂ ಜೋಪಾನವಾಗಿ ಇರಿಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.